ಮಾರ್ಸೇಯ್ ಪಟ್ಟಣದ ಪಾತಕಿಗಳು : ಇತಿಹಾಸದಲ್ಲಿ ಮತ್ತು ಫ್ರೆಂಚ್ ಚಿತ್ರಪಟಗಳಲ್ಲಿ

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿರುವ ಮಾರ್ಸೇಯ್ ಪಟ್ಟಣವನ್ನು ಹೊರನಾಡಿನವರು ಅರಿತದ್ದು ಭೂಗೋಳದ ಪುಸ್ತಕಗಳಿಗಿಂತ ಹೆಚ್ಚಾಗಿ ಚಿತ್ರಪಟಗಳಿಂದ ಎಂದರೆ ತಪ್ಪಾಗದು. ೧೯೭೦ರಲ್ಲಿ ಝಾಕ್ ದರೇ ಎಂಬ ನಿರ್ದೇಶಕನು ‘ಬೊರ್ಸಾಲಿನೋ’ ಎಂಬ ಚಿತ್ರವನ್ನು ತೆಗೆದನು. ಬೊರ್ಸಾಲಿನೋ ಎಂಬುದು ಇಟಲಿಯಲ್ಲಿ ತಯಾರಾಗುವ, ಅಗಲವಾದ ಅಂಚುಳ್ಳ ಒಂದು ಟೋಪಿಯ ಹೆಸರು. ಆ ಟೋಪಿಯನ್ನು ತುಸು ಓರೆಯಾಗಿ ಧರಿಸಿದ ಇಬ್ಬರು ತರುಣರು ೧೯೩೦ರ ಸುಮಾರಿನ ಮಾರ್ಸೇಯಿಯಲ್ಲಿ ಹೆಣ್ಣೊಬ್ಬಳಿಗಾಗಿ ಹೊಡೆದಾಡಿ ಸ್ನೇಹಿತರಾಗುತ್ತಾರೆ. ಮೀನಿನ ಮಾರುಕಟ್ಟೆಯನ್ನೂ ಮಾಂಸದ ವ್ಯಾಪಾರವನ್ನೂ ವಶಮಾಡಿಕೊಳ್ಳುತ್ತಾರೆ. ಹಳೆಯ ಮುಖಂಡರನ್ನು ಕೊಂದು ತಾವೇ ಪಟ್ಟಣದ ದೊರೆಗಳಾಗುತ್ತಾರೆ. ಆಲೇಂ ದಲೋಂ ಮತ್ತು ಝಾಂ-ಪೋಲ್ ಬೆಲ್ಮೊಂಡೋ ಎಂಬ ಆ ಕಾಲದ ಅತ್ಯಂತ ಜನಪ್ರಿಯ ನಟರಿಬ್ಬರೂ ಅದರಲ್ಲಿ ಒಟ್ಟಿಗೆ ಅಭಿನಯಿಸಿದ್ದರು. ಫ್ರಾನ್ಸಿನಲ್ಲೇ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿ ಚಿತ್ರಮಂದಿರಗಳಲ್ಲಿ ಅದನ್ನು ನೋಡಿದರು. ಅದರ ಪಿಯಾನೋ ವಾದ್ಯದ ಹಗುರವಾದ ಸಂಗೀತವನ್ನು ಕೇಳಿದರೆ ಯಾರಿಗಾದರೂ ಕಾಲು ತಾಳ ಹಾಕಬೇಕೆನಿಸುತ್ತದೆ. ಚಿತ್ರವು ಮನೋಹರವಾಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಕೇವಲ ಕಟ್ಟುಕತೆಯಲ್ಲ. ಪತ್ರಿಕಾಕರ್ತನೊಬ್ಬನು ಬರೆದ ಮಾರ್ಸೇಯಿಯ ಪಾತಕಿಗಳ ವೃತ್ತಾಂತವೇ ಅದಕ್ಕೆ ಆಧಾರ. ಆ ಟೋಪಿಗಳ ಕೆಳಗೆ ನಿಜವಾಗಿ ಇದ್ದವರು ಪೋಲ್ ಕಾರ್ಬೋನ್ ಮತ್ತು ಫ್ರಾಂಸ್ವಾ ಸ್ಪಿರಿತೋ ಎಂಬ ಇಬ್ಬರು ಐತಿಹಾಸಿಕ ವ್ಯಕ್ತಿಗಳು. ತೆರೆಯ ಮೇಲೆ ಅವರ ಹೆಸರುಗಳು ಬದಲಾದುವು. ಹೆಸರಿನೊಂದಿಗೆ ಇನ್ನೂ ಏನೇನು ಬದಲಾಯಿತು, ಏನೇನು ಬಿಟ್ಟುಹೋಯಿತು ಎಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮಾರ್ಸೇಯ್ ಬಹಳ ಪ್ರಾಚೀನವಾದ ರೇವುಪಟ್ಟಣ. ಕ್ರಿಸ್ತಪೂರ್ವ ೬೦೦ರ ಸುಮಾರಿನಲ್ಲಿ ಗ್ರೀಕ್ ನಾವಿಕರು ಇದನ್ನು ಸ್ಥಾಪಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರ ವಸಾಹತುಗಳು ವಿಸ್ತರಿಸಿದಂತೆ ಆಫ್ರಿಕಾದಿಂದಲೂ ಪೂರ್ವದೇಶಗಳಿಂದಲೂ ಬರುವ ಹಡಗುಗಳೆಲ್ಲ ಇಲ್ಲಿ ಲಂಗರು ಹಾಕತೊಡಗಿದುವು. ಸರಕಿನ ಜೊತೆಗೆ ಜನರೂ ಬಂದರು: ಇಟಲಿಯವರು, ಆರ್ಮೀನಿಯದವರು, ಮತ್ತು ಸಮೀಪದ ಕಾರ್ಸಿಕಾ ದ್ವೀಪದ ಬಡವರು. ಇವರಲ್ಲಿ ಸಾವಿರಾರು ಮಂದಿ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು, ಸುಂಕದ ಕಟ್ಟೆಯಲ್ಲಿ, ಪೋಲೀಸಿನಲ್ಲಿ ಚಾಕರಿ ಮಾಡಿ ಮರ್ಯಾದೆಯಿಂದ ಬಾಳಿದರು. ಬೆರಳೆಣಿಕೆಯ ಕೆಲವರು ಮಾತ್ರ ಬೇರೆ ದಾರಿ ಹಿಡಿದರು. ಅವರ ಕೂಟವನ್ನು ಫ್ರೆಂಚ್ ಭಾಷೆಯಲ್ಲಿ ‘ಮಿಲ್ಯೋ’ ಎನ್ನುತ್ತಾರೆ. ಆ ಶಬ್ದಕ್ಕೆ ನಡು, ಸುತ್ತಣ ಪರಿಸರ ಎಂದಷ್ಟೇ ಅರ್ಥ. ಒಬ್ಬ ಅಧಿಪತಿ, ಒಂದು ಶಾಸನ ಎಂಬುದು ಇಲ್ಲಿರಲಿಲ್ಲ. ಒಬ್ಬೊಬ್ಬನ ಸುತ್ತಲೂ ಅವನ ಅಣ್ಣತಮ್ಮಂದಿರು, ಊರಿನವರು, ಕೈಯಾಳುಗಳು ಸೇರಿ ಒಂದೊಂದು ತಂಡ. ತಂಡಕ್ಕೂ ತಂಡಕ್ಕೂ ಇಂದು ಸ್ನೇಹ, ನಾಳೆ ರಕ್ತಪಾತ.

ಕಾರ್ಬೋನನು ೧೮೯೪ರಲ್ಲಿ ಕಾರ್ಸಿಕಾದ ಪ್ರೊಪ್ರಿಯಾನೋ ಎಂಬ ಊರಿನಲ್ಲಿ ಹುಟ್ಟಿದವನು. ಸ್ಪಿರಿತೋ ಇಟಲಿಯ ಮೂಲದವನು. ಇವರಿಬ್ಬರೂ ಮೊದಲನೆಯ ಮಹಾಯುದ್ಧದ ಬಳಿಕ ವೇಶ್ಯಾಗೃಹಗಳ ಆದಾಯದಿಂದ ತಲೆಯೆತ್ತಿ, ಜೂಜಿನ ಮನೆ, ಕಳ್ಳಸಾಗಣೆ, ಅಫೀಮು ಎಂದು ಒಂದೊಂದಾಗಿ ಕೈಹಾಕಿದರು. ಬೇರೆ ಪುಂಡರಿಗಿಂತ ಇವರನ್ನು ಎತ್ತರಕ್ಕೇರಿಸಿದ್ದು ಪಿಸ್ತೂಲಲ್ಲ, ರಾಜಕೀಯ. ಸೀಮೋನ್ ಸಾಬಿಯಾನಿ ಎಂಬ ಕಾರ್ಸಿಕನ್ ಮುಖಂಡನು ೧೯೨೯ರಿಂದ ೧೯೩೫ರವರೆಗೆ ಪುರಸಭೆಯಲ್ಲಿ ಉಪಾಧ್ಯಕ್ಷನಾಗಿದ್ದು ವಸ್ತುತಃ ಪಟ್ಟಣವನ್ನೇ ಆಳುತ್ತಿದ್ದನು. ಚುನಾವಣೆ ಬಂದಾಗ ಕಾರ್ಬೋನನ ಜನರು ಸಾಬಿಯಾನಿಯ ಪರವಾಗಿ ಮತಗಟ್ಟೆಗಳನ್ನು ಕಾಯುವರು, ಎದುರಾಳಿಗಳ ಸಭೆಗಳನ್ನು ಚದರಿಸುವರು. ಚುನಾವಣೆ ಮುಗಿದ ಮೇಲೆ ಅವರಿಗೆ ಪುರಸಭೆಯ ನೆರಳು ದೊರೆಯುವುದು. ೧೯೩೪ರಲ್ಲಿ ಸ್ತಾವಿಸ್ಕಿ ಎಂಬ ಮಹಾವಂಚಕನ ಹಗರಣವು ಫ್ರಾನ್ಸನ್ನೆಲ್ಲ ಅಲ್ಲಾಡಿಸಿತು. ಆ ವಿಷಯವನ್ನು ಚೆನ್ನಾಗಿ ಬಲ್ಲ ಆಲ್ಬೇರ್ ಪ್ರೇಂಸ್ ಎಂಬ ನ್ಯಾಯಾಧಿಕಾರಿಯ ಶವವು ಫೆಬ್ರವರಿ ತಿಂಗಳಲ್ಲಿ ದಿಝೋಂ ಪಟ್ಟಣದ ಬಳಿಯ ರೈಲು ಕಂಬಿಗಳ ಮೇಲೆ ಸಿಕ್ಕಿತು. ಸಂದೇಹದಿಂದ ಕಾರ್ಬೋನ್ ಮತ್ತು ಸ್ಪಿರಿತೋ ಇಬ್ಬರನ್ನೂ ಬಂಧಿಸಲಾಯಿತು. ಆಗ ಸಾಬಿಯಾನಿಯು ಏನು ಮಾಡಿದನು? ಕಾರ್ಬೋನ್ ಮತ್ತು ಸ್ಪಿರಿತೋ ತನ್ನ ಮಿತ್ರರೆಂದು ಸಾರುವ ಭಿತ್ತಿಪತ್ರಗಳನ್ನು ಪಟ್ಟಣದ ಗೋಡೆಗಳಿಗೆ ಅಂಟಿಸಿಬಿಟ್ಟನು! ಸಾಕ್ಷ್ಯವಿಲ್ಲದೆ ಇಬ್ಬರೂ ಬಿಡುಗಡೆಯಾದರು. ಪ್ರೇಂಸ್ ತಾನಾಗಿ ಸತ್ತನೋ ಕೊಲೆಯಾದನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಈ ಪಟ್ಟಣದ ಆಡಳಿತವು ಎಷ್ಟು ಕೆಟ್ಟಿತ್ತೆಂಬುದು ೧೯೩೮ನೆಯ ಅಕ್ಟೋಬರ್ ೨೮ರಂದು ಬಯಲಾಯಿತು. ಅಂದು ಕಾನ್‌ಬಿಯೇರ್ ಎಂಬ ಹೆದ್ದಾರಿಯ ದೊಡ್ಡ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು ೭೩ ಮಂದಿ ಸತ್ತರು. ಆಳುವ ಪಕ್ಷದ ಅಧಿವೇಶನವು ಅದೇ ಸಮಯದಲ್ಲಿ ಅಲ್ಲೇ ನಡೆಯುತ್ತಿದ್ದುದರಿಂದ ಬೆಂಕಿ ಆರಿಸಲಾರದ ಪುರಸಭೆಯ ಅವಸ್ಥೆಯನ್ನು ದೇಶದ ಮಂತ್ರಿಗಳೇ ಕಣ್ಣಾರೆ ಕಂಡರು. ಮರುವರ್ಷ ಸರಕಾರವು ಪಟ್ಟಣದ ಆಡಳಿತವನ್ನು ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡು, ಬೆಂಕಿ ಆರಿಸುವ ಕೆಲಸವನ್ನು ನೌಕಾಪಡೆಯವರಿಗೆ ಒಪ್ಪಿಸಿತು. ಅದು ಇಂದಿಗೂ ಅವರ ಕೈಯಲ್ಲೇ ಇದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಚಿತ್ರವು ನಮಗೆ ತೋರಿಸದೆ ಬಿಟ್ಟದ್ದು ಇಲ್ಲಿಂದ ಮುಂದಿನದು. ಸಾಬಿಯಾನಿಯು ಆ ವೇಳೆಗೆ ದೊರಿಯೋ ಎಂಬವನ ಫಾಸಿಸ್ಟ್ ಪಕ್ಷವನ್ನು ಸೇರಿದ್ದನು. ೧೯೪೨ರ ನವೆಂಬರಿನಲ್ಲಿ ಜರ್ಮನರು ಮಾರ್ಸೇಯಿಯನ್ನು ಪ್ರವೇಶಿಸಿದಾಗ ಅವನೂ ಅವನ ಮಿತ್ರರಿಬ್ಬರೂ ಅವರ ಕಡೆಗಾದರು. ಮುಂದಿನ ಜನವರಿ ೨೨ರಿಂದ ೨೪ರವರೆಗೆ ಹಳೆಯ ಬಂದರಿನ ಪಕ್ಕದ ಕೇರಿಗಳನ್ನು ಫ್ರೆಂಚ್ ಪೋಲೀಸರು ಜರ್ಮನರ ಅಪ್ಪಣೆಯಂತೆ ಸುತ್ತುವರಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಮುದುಕರು ಮಕ್ಕಳೆನ್ನದೆ, ಕೈಗೆ ಸಿಕ್ಕ ಗಂಟಿನೊಡನೆ ಮನೆಯಿಂದ ಹೊರಡಿಸಿದರು. ಸುಮಾರು ೮೦೦ ಮಂದಿ ಯೆಹೂದ್ಯರನ್ನು ಪೋಲೆಂಡಿನ ಸೊಬಿಬೋರ್ ಎಂಬ ಸಾವಿನ ಶಿಬಿರಕ್ಕೆ ಕಳುಹಿಸಿದರು. ಬಳಿಕ ಫೆಬ್ರವರಿಯಲ್ಲಿ ಸುಮಾರು ೧೫೦೦ ಕಟ್ಟಡಗಳನ್ನು ಸಿಡಿಮದ್ದಿಟ್ಟು ನೆಲಸಮ ಮಾಡಿದರು. ಇದಕ್ಕೆ ಕೊಟ್ಟ ನೆವವೇನೆಂದರೆ, ಆ ಕೇರಿಗಳು ಪಾತಕಿಗಳ ಬೀಡು ಎಂಬುದು! ಅಲ್ಲಿದ್ದವರು ಬೆಸ್ತರು, ಹಡಗುಕಟ್ಟೆಯ ಕೂಲಿಗಳು, ಸಣ್ಣ ಅಂಗಡಿಯವರು. ಪಟ್ಟಣದ ನಿಜವಾದ ಪಾತಕಿಗಳ ಅಗ್ರೇಸರರು ಮನೆ ಕೆಡವಿದವರ ಮಿತ್ರಮಂಡಲಿಯಲ್ಲೇ ಕುಳಿತಿದ್ದರು. ಕಾರ್ಬೋನನು ಅದೇ ವರ್ಷದ ಡಿಸೆಂಬರಿನಲ್ಲಿ, ಪ್ರತಿರೋಧದ ದಳದವರು ಹಳಿ ತಪ್ಪಿಸಿದ ರೈಲಿನಲ್ಲಿ ಪ್ರಯಾಣಿಸುತ್ತಿದ್ದು ಮಡಿದನು. ಸ್ಪಿರಿತೋ ದೇಶಬಿಟ್ಟು ಓಡಿದನು. ಮುಂದೆ ಅಮೆರಿಕದಲ್ಲಿ ಹೆರಾಯಿನ್ ಮೊಕದ್ದಮೆಯಲ್ಲಿ ಸೆರೆಯಾಗಿ, ಕೊನೆಗೆ ೧೯೬೭ರಲ್ಲಿ ಸತ್ತನು. ಸಾಬಿಯಾನಿಯು ಮರಣದಂಡನೆಯ ತೀರ್ಪನ್ನು ತಪ್ಪಿಸಿಕೊಂಡು ೧೯೫೬ರಲ್ಲಿ ಬಾರ್ಸೆಲೋನಾದಲ್ಲಿ ಕಣ್ಣುಮುಚ್ಚಿದನು.

ಹಳೆಯ ಬಂದರಿನ ಧೂಳು ಅಡಗಿ ಕೇವಲ ಇಪ್ಪತ್ತೇಳು ವರ್ಷಗಳಾಗಿದ್ದಾಗ ‘ಬೊರ್ಸಾಲಿನೋ’ ತೆರೆಕಂಡಿತು. ಮನೆ ಕಳೆದುಕೊಂಡವರಲ್ಲಿ ಬಹುಮಂದಿ ಆಗ ಬದುಕಿದ್ದರು. ಕತೆಯನ್ನು ೧೯೩೦ರ ದಶಕದಲ್ಲೇ ನಿಲ್ಲಿಸಿದ್ದರಿಂದ ನಿರ್ಮಾಪಕರಿಗೆ ದೊಡ್ಡ ಅನುಕೂಲವಾಯಿತು: ನಾಯಕರು ಯುದ್ಧವನ್ನು ಕಾಣುವುದೇ ಇಲ್ಲ. ಇತಿಹಾಸವನ್ನು ಸುಳ್ಳು ಮಾಡಲು ಸುಳ್ಳನ್ನೇ ಹೇಳಬೇಕೆಂದಿಲ್ಲ, ತಕ್ಕ ಸ್ಥಳದಲ್ಲಿ ‘ಮುಗಿಯಿತು’ ಎಂದು ಬರೆದರೂ ಸಾಕಾಗುತ್ತದೆ.

ಫ್ರೆಂಚ್ ಚಿತ್ರಪಟಗಳಲ್ಲಿ ಪಾತಕಿಯನ್ನು ದುಃಖಿಯಾದ ವೀರನಂತೆ ಚಿತ್ರಿಸುವ ಪದ್ಧತಿ ಇದಕ್ಕಿಂತ ಹಳೆಯದು. ೧೯೩೭ರ ‘ಪೇಪೇ ಲ ಮೋಕೋ’ದಲ್ಲಿ ಝಾಂ ಗಬೇಂ ಎಂಬ ಮಹಾನಟನು ಅಲ್ಜೀರ್ಸಿನ ಓಣಿಗಳಲ್ಲಿ ಅವಿತ ಕಳ್ಳನಾಗಿ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದನು. ೧೯೫೪ರಲ್ಲಿ ಅದೇ ಗಬೇಂ ಮುಪ್ಪಿನ ಹೊಸ್ತಿಲಲ್ಲಿರುವ ದರೋಡೆಗಾರನಾಗಿ ಮತ್ತೆ ಬಂದನು. ಮರುವರ್ಷ ಜೂಲ್ಸ್ ದಾಸ್ಸಿನ್ನನು ‘ರಿಫಿಫಿ’ಯಲ್ಲಿ ಆಭರಣದಂಗಡಿಯ ಕನ್ನದ ದೃಶ್ಯವನ್ನು ಅರ್ಧಗಂಟೆಯ ಕಾಲ ಮಾತೂ ಸಂಗೀತವೂ ಇಲ್ಲದೆ ತೋರಿಸಿ ಜಗತ್ತನ್ನು ಬೆರಗುಗೊಳಿಸಿದನು. ಝಾಂ-ಪಿಯೇರ್ ಮೆಲ್ವಿಲ್ಲನ ಚಿತ್ರಗಳಲ್ಲಂತೂ ಪಾತಕಿಗಳು ಋಷಿಗಳಂತೆ ಮಿತಭಾಷಿಗಳು. ಕಲೆಯ ದೃಷ್ಟಿಯಿಂದ ಇವುಗಳಲ್ಲಿ ಕೆಲವು ಉತ್ತಮೋತ್ತಮ ಕೃತಿಗಳು; ಮೆಲ್ವಿಲ್ ಸ್ವತಃ ಪ್ರತಿರೋಧದ ಚಳವಳಿಯಲ್ಲಿ ದುಡಿದವನೆಂಬುದೂ ಸ್ಮರಣೀಯ.

ಆದರೆ ಇಲ್ಲಿ ಒಬ್ಬನ ವಿಷಯವನ್ನು ಹೇಳದಿರಲಾಗದು. ಮೆಲ್ವಿಲ್ಲನ ೧೯೬೬ರ ‘ಎರಡನೆಯ ಉಸಿರು’ ಎಂಬ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಬರೆದವನು ಝೋಸೆ ಜೋವಾನಿ. ತಾನು ಸೆರೆಯಲ್ಲಿದ್ದವನೆಂಬುದನ್ನು ಅವನು ಬಚ್ಚಿಡಲಿಲ್ಲ. ೧೯೪೮ರಲ್ಲಿ ಮರಣದಂಡನೆಗೆ ಗುರಿಯಾಗಿ, ರಾಷ್ಟ್ರಾಧ್ಯಕ್ಷರ ಕ್ಷಮೆಯಿಂದ ಬದುಕಿ, ೧೯೫೬ರಲ್ಲಿ ಹೊರಬಂದವನು. ಪಾತಕಿಗಳ ಮಾನ, ಮಾತಿಗೆ ತಪ್ಪದಿರುವುದು, ಮಿತ್ರನಿಗಾಗಿ ಪ್ರಾಣ ಕೊಡುವುದು ಇವನ ಕತೆಗಳ ಜೀವಾಳ. ೧೯೯೩ರಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಗಳು ಅವನ ಹಳೆಯ ಕಡತಗಳನ್ನು ಹೊರಗೆಳೆದುವು. ಯುದ್ಧಕಾಲದಲ್ಲಿ ಅವನು ಸಾಬಿಯಾನಿಯದೇ ಪಕ್ಷದಲ್ಲಿದ್ದು ಜರ್ಮನರ ಪರವಾಗಿ ದುಡಿದಿದ್ದನೆಂದೂ, ಅದಕ್ಕಾಗಿ ೧೯೪೬ರಲ್ಲಿ ಮಾರ್ಸೇಯಿಯ ನ್ಯಾಯಾಲಯವೇ ಅವನಿಗೆ ಶಿಕ್ಷೆ ವಿಧಿಸಿತ್ತೆಂದೂ ಆಗ ಜನರಿಗೆ ತಿಳಿಯಿತು. ಪಾತಕಿಗಳ ಮಾನಮರ್ಯಾದೆಯ ಕತೆಯನ್ನು ಹೇಳುತ್ತಿದ್ದವರು ಯಾರೆಂಬುದನ್ನು ಓದುಗನು ಕೊಂಚ ವಿಚಾರಿಸಿ ನೋಡಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಯುದ್ಧಾನಂತರ ಮಾರ್ಸೇಯಿಯ ಮೇಲಾಟವು ಗೆರಿನಿ ಸಹೋದರರಿಗೆ ಸಂದಿತು. ಆಂತ್ವಾನ್ ಮತ್ತು ಬಾರ್ತೆಲೆಮಿ ಎಂಬ ಇವರು ಕಾರ್ಬೋನನ ಪ್ರತಿಪಕ್ಷದವರು. ಯುದ್ಧದಲ್ಲಿ ಗೆದ್ದ ಕಡೆಗೆ ನಿಂತಿದ್ದರು. ೧೯೬೭ರ ಜೂನಿನಲ್ಲಿ ಪೆಟ್ರೋಲ್ ಅಂಗಡಿಯ ಮುಂದೆ ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಆಂತ್ವಾನನನ್ನು ಕೊಂದರು. ಅವನ ಉತ್ತರಕ್ರಿಯೆಯ ದಿನವೇ ಅವನ ಮನೆಗೆ ಕನ್ನ ಹಾಕಿದ ಒಬ್ಬ ಕಳ್ಳನ ಕೊಲೆಗಾಗಿ ಬಾರ್ತೆಲೆಮಿಗೆ ೧೯೭೦ರಲ್ಲಿ ಇಪ್ಪತ್ತು ವರ್ಷಗಳ ಸೆರೆಯಾಯಿತು.

ಇವೆಲ್ಲಕ್ಕೂ ಬೆನ್ನೆಲುಬಾಗಿ ನಿಂತದ್ದು ಹೆರಾಯಿನ್ ವ್ಯಾಪಾರ. ಗಸಗಸೆಯ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಅಫೀಮು. ನಮ್ಮ ದೇಶದ ನೀಮಚ್ ಮತ್ತು ಘಾಜೀಪುರಗಳಲ್ಲಿ ಔಷಧಕ್ಕಾಗಿ ಸರಕಾರದ ಕಾರ್ಖಾನೆಗಳಲ್ಲೇ ಅದನ್ನು ಹದಗೊಳಿಸುತ್ತಾರೆ. ಆದರೆ ತುರ್ಕಿಯ ರೈತರು ಸರಕಾರಕ್ಕೆ ತೋರಿಸದೆ ಉಳಿಸಿಕೊಂಡ ಅಫೀಮು ಕಳ್ಳದಾರಿ ಹಿಡಿಯುತ್ತಿತ್ತು. ಹತ್ತು ಕಿಲೋ ಅಫೀಮಿನಿಂದ ಸುಮಾರು ಒಂದು ಕಿಲೋ ಮಾರ್ಫಿನ್ ತಯಾರಾಗುತ್ತದೆ. ಅದು ಹಡಗಿನಲ್ಲಿ ಮಾರ್ಸೇಯಿಗೆ ಬಂದು, ಊರಾಚೆಯ ತೋಟದ ಮನೆಗಳ ನೆಲಮಾಳಿಗೆಯಲ್ಲಿ ಹುಳಿ ವಾಸನೆಯ ಒಂದು ದ್ರಾವಣದೊಡನೆ ಕುದಿದು ಹೆರಾಯಿನ್ ಆಗುತ್ತಿತ್ತು. ಈ ಪಾಕದಲ್ಲಿ ಝೋ ಸೆಸಾರಿ ಎಂಬ ಕಾರ್ಸಿಕನು ಮಹಾ ನಿಪುಣನೆಂದು ಹೆಸರಾಗಿದ್ದನು. ಅಲ್ಲಿಂದ ಸರಕು ನ್ಯೂಯಾರ್ಕಿಗೆ. ೧೯೬೨ರ ಜನವರಿಯಲ್ಲಿ ಫ್ರೆಂಚ್ ಟೆಲಿವಿಷನ್ನಿನ ಪ್ರಸಿದ್ಧ ನಿರೂಪಕನೊಬ್ಬನು ಬ್ಯೂಕ್ ಮೋಟಾರು ಕಾರಿನಲ್ಲಿ ಸುಮಾರು ೫೦ ಕಿಲೋ ಹೆರಾಯಿನ್ ಅಡಗಿಸಿ ತಂದ ಮೊಕದ್ದಮೆಯಲ್ಲಿ ಅಲ್ಲಿ ಸೆರೆಯಾದನು. ೧೯೭೧ರಲ್ಲಿ ಅಮೆರಿಕದವರು ತೆಗೆದ ‘ಫ್ರೆಂಚ್ ಕನೆಕ್ಷನ್’ ಎಂಬ ಚಿತ್ರಕ್ಕೆ ಇದೇ ಮೂಲ. ಆ ಚಿತ್ರವು ಹೇಳದ ಸಂಗತಿ ಒಂದಿದೆ: ಅಂದು ಹಿಡಿದ ಹೆರಾಯಿನ್ ನ್ಯೂಯಾರ್ಕ್ ಪೋಲೀಸರ ಉಗ್ರಾಣದಿಂದಲೇ ಕಳುವಾಗಿತ್ತೆಂದು ೧೯೭೨ರಲ್ಲಿ ಪತ್ತೆಯಾಯಿತು.

ಆ ವೇಳೆಗೆ ಫ್ರೆಂಚ್ ಸರಕಾರವೂ ಎಚ್ಚೆತ್ತಿತ್ತು. ೧೯೭೦ರ ಕೊನೆಯ ದಿನದಂದು ಮಾದಕವಸ್ತುಗಳ ವಿರುದ್ಧ ಕಠಿಣವಾದ ಶಾಸನವೂ, ೧೯೭೧ರ ಫೆಬ್ರವರಿಯಲ್ಲಿ ಅಮೆರಿಕದೊಡನೆ ಒಪ್ಪಂದವೂ ಆದುವು. ೧೯೭೨ರಲ್ಲಿ ಮಾರ್ಸೇಯಿಯ ಬಳಿ ಒಂದೇ ಮೀನು ದೋಣಿಯಲ್ಲಿ ೪೨೫ ಕಿಲೋ ಹೆರಾಯಿನ್ ಸಿಕ್ಕಿತು. ಅದೇ ವರ್ಷ ಸೆಸಾರಿಯು ಬಂದೀಖಾನೆಯಲ್ಲಿ ನೇಣು ಹಾಕಿಕೊಂಡನು. ಜಾಲವು ಹರಿಯಿತೆಂದೇ ಎಲ್ಲರೂ ತಿಳಿದರು. ಹರಿದ ಬಲೆಯ ನೂಲನ್ನು ಮತ್ತೆ ಹೆಣೆಯುವವರು ಇದ್ದೇ ಇದ್ದರು.

ಇನ್ನು ನ್ಯಾಯಾಧೀಶರ ಕತೆ. ಫ್ರಾನ್ಸಿನಲ್ಲಿ ದೊಡ್ಡ ಅಪರಾಧಗಳ ತನಿಖೆಯನ್ನು ನಡೆಸುವವನು ತನಿಖಾ ನ್ಯಾಯಾಧೀಶ. ಸಾಕ್ಷಿಗಳನ್ನು ಕರೆಸುವವನೂ, ಆರೋಪಿಯನ್ನು ಪ್ರಶ್ನಿಸುವವನೂ ಅವನೇ. ಆದಕಾರಣ ಪಾತಕಿಗಳ ಹಗೆಯೂ ನೇರವಾಗಿ ಅವನ ಮೇಲೆ. ೧೯೭೫ನೆಯ ಜುಲಾಯಿ ೩ರಂದು ಲಿಯೋಂ ಪಟ್ಟಣದಲ್ಲಿ ಫ್ರಾಂಸ್ವಾ ರೆನೋ ಎಂಬ ತನಿಖಾ ನ್ಯಾಯಾಧೀಶನನ್ನು ಗುಂಡಿಕ್ಕಿ ಕೊಂದರು. ಅವನು ಅಂಚೆ ಕಚೇರಿಯ ದೊಡ್ಡ ದರೋಡೆಯೊಂದರ ಬೆನ್ನು ಹತ್ತಿದ್ದನು. ದರೋಡೆಯ ಹಣವು ರಾಜಕೀಯದವರ ಕೈ ಸೇರಿತೆಂಬ ಗುಮಾನಿಯೂ ಇತ್ತು. ಕೊಂದವರಿಗೆ ಶಿಕ್ಷೆಯಾಗಲೇ ಇಲ್ಲ. ಈವ್ ಬ್ವಾಸೆ ಎಂಬ ನಿರ್ದೇಶಕನು ಈ ಕತೆಯನ್ನು ‘ನ್ಯಾಯಾಧೀಶ ಫಾಯಾರ್’ ಎಂಬ ಚಿತ್ರವಾಗಿ ೧೯೭೭ರಲ್ಲಿ ಹೊರತಂದನು. ಅದರಲ್ಲಿ ‘ಸಾಕ್’ ಎಂಬ, ಆಳುವವರಿಗೆ ಹತ್ತಿರವಾಗಿದ್ದ ಸಂಘದ ಹೆಸರು ಬರುತ್ತಿತ್ತು. ಆ ಸಂಘದವರು ನ್ಯಾಯಾಲಯಕ್ಕೆ ಹೋಗಿ ಹೆಸರನ್ನು ತಡೆಸಿದರು. ಆದುದರಿಂದ ಹೆಸರು ಬರುವಲ್ಲೆಲ್ಲ ಕೂಂಯ್ ಎಂಬ ಶಬ್ದವನ್ನು ಸೇರಿಸಿ ಚಿತ್ರವನ್ನು ತೋರಿಸಬೇಕಾಯಿತು. ಪ್ರೇಕ್ಷಕರು ಸುಮ್ಮನಿರಲಿಲ್ಲ, ಆ ಶಬ್ದ ಕೇಳಿದಾಗಲೆಲ್ಲ ಕತ್ತಲಲ್ಲಿ ಕುಳಿತು ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಪಾತಕಿಗೂ ರಾಜಕೀಯಕ್ಕೂ ಇರುವ ನಂಟನ್ನು ಬಿಡದೆ ಹೇಳಿದ ಈ ಚಿತ್ರವನ್ನು ನಾವು ‘ಬೊರ್ಸಾಲಿನೋ’ಗಿಂತ ಮೇಲಾಗಿ ಎಣಿಸುತ್ತೇವೆ.

ಪಿಯೇರ್ ಮಿಶೆಲ್ ಹುಟ್ಟಿದ್ದು ೧೯೪೩ರಲ್ಲಿ, ಉತ್ತರದ ಲೊರೇನ್ ಪ್ರಾಂತದ ಝಾರ್ನಿಯಲ್ಲಿ. ಮಾರ್ಸೇಯಿಯ ಬಂಧುತ್ವಗಳ ಬಲೆಗೆ ಸೇರದ ಹೊರಗಿನವನು. ೧೯೭೦ರ ದಶಕದ ನಡುವಿನಿಂದ ಅಲ್ಲಿ ತನಿಖಾ ನ್ಯಾಯಾಧೀಶನಾಗಿ, ಹೊಸದಾಗಿ ತಲೆಯೆತ್ತಿದ ಹೆರಾಯಿನ್ ಕುಲುಮೆಗಳನ್ನು ಒಂದೊಂದಾಗಿ ಮುಚ್ಚಿಸತೊಡಗಿದನು. ಆಗ ಪಟ್ಟಣವು ಭೀತಿಯಿಂದ ನಡುಗುತ್ತಿದ್ದ ಕಾಲ. ೧೯೭೮ರ ಅಕ್ಟೋಬರಿನಲ್ಲಿ ಒಂದೇ ಪಾನಗೃಹದಲ್ಲಿ ಒಂದೇ ರಾತ್ರಿ ಹತ್ತು ಮಂದಿಯನ್ನು ಕೊಂದಿದ್ದರು. ೧೯೮೧ನೆಯ ಅಕ್ಟೋಬರ್ ೨೧ರಂದು ಮಧ್ಯಾಹ್ನ ಮಿಶೆಲ್ ಊಟಕ್ಕೆಂದು ತನ್ನ ಮೋಟಾರು ಸೈಕಲ್ಲಿನಲ್ಲಿ ಮನೆಗೆ ಹೊರಟನು. ಕಾವಲಿನವರು ಯಾರೂ ಜೊತೆಗಿರಲಿಲ್ಲ. ಬೂಲವಾರ್ ಮಿಶ್ಲೆ ಎಂಬ ಬೀದಿಯಲ್ಲಿ ಇನ್ನೊಂದು ಮೋಟಾರು ಸೈಕಲ್ ಪಕ್ಕಕ್ಕೆ ಬಂತು; ಹಿಂದೆ ಕುಳಿತವನು ಗುಂಡು ಹಾರಿಸಿದನು. ಮಿಶೆಲ್ಲನಿಗೆ ಆಗ ೩೮ ವರ್ಷ.

ಆ ಕಾಲದಲ್ಲಿ ಮಾರ್ಸೇಯಿಯ ಪುರಾಧ್ಯಕ್ಷನೂ ದೇಶದ ಗೃಹಮಂತ್ರಿಯೂ ಒಬ್ಬನೇ, ಗಸ್ತೋಂ ದಫೇರ್. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಫ್ರಾನ್ಸಿನಲ್ಲಿ ಮರಣದಂಡನೆಯನ್ನು ರದ್ದುಮಾಡಿದ ಶಾಸನಕ್ಕೆ ಅಂಕಿತ ಬಿದ್ದದ್ದು ಅದೇ ಅಕ್ಟೋಬರ್ ೯ರಂದು, ಕೊಲೆಗೆ ಕೇವಲ ಹನ್ನೆರಡು ದಿನ ಮೊದಲು. ಶಾಸನವನ್ನು ಹಿಂತೆಗೆಯಲಿಲ್ಲ. ಕೊಲೆಗಡುಕರು ಕೆಲವು ವರ್ಷಗಳ ಕಾಲ ಪತ್ತೆಯಾಗಲೂ ಇಲ್ಲ. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿಬಿದ್ದ ಹೆರಾಯಿನ್ ತಯಾರಕರ ಕಡೆಯಿಂದ ಮೊದಲ ಸುಳಿವು ಹೊರಬಂತು. ಅಪ್ಪಣೆ ಕೊಟ್ಟವರಲ್ಲಿ ಫ್ರಾಂಸ್ವಾ ಝಿರಾರ್ ಎಂಬ ಮಾದಕವಸ್ತು ವ್ಯಾಪಾರಿಯಿದ್ದನು; ಅವನಿಗೂ ಗುಂಡು ಹಾರಿಸಿದವನಿಗೂ ಯಾವಜ್ಜೀವ ಸೆರೆಯಾಯಿತು.

ಮಿಶೆಲ್ಲನ ಕತೆಯನ್ನು ಸೆದ್ರಿಕ್ ಝಿಮೆನೆಝ್ ಎಂಬ ಮಾರ್ಸೇಯಿಯ ನಿರ್ದೇಶಕನು ‘ಲಾ ಫ್ರೆಂಚ್’ ಎಂಬ ಚಿತ್ರವಾಗಿ ತೆಗೆದದ್ದು ೨೦೧೪ರಲ್ಲಿ, ಎಂದರೆ ಮೂವತ್ತಮೂರು ವರ್ಷಗಳ ಮೇಲೆ. ಝಾಂ ದ್ಯುಝಾರ್ದೇಂ ನ್ಯಾಯಾಧೀಶನ ಪಾತ್ರವನ್ನು ಗಾಂಭೀರ್ಯದಿಂದ ವಹಿಸಿದ್ದಾನೆ. ಆದರೆ ಇಲ್ಲೂ ಹಳೆಯ ಚಟ ಬಿಟ್ಟಿಲ್ಲ. ಕತೆಯನ್ನು ನ್ಯಾಯಾಧೀಶನಿಗೂ ಗಾಯೆತಾನ್ ಝಾಂಪಾ ಎಂಬ ಪಾತಕಿ ಮುಖಂಡನಿಗೂ ನಡೆದ ದ್ವಂದ್ವಯುದ್ಧವಾಗಿ ಕಟ್ಟಿದ್ದಾರೆ. ಸಮುದ್ರದಂಚಿನ ಬಂಡೆಗಳ ಮೇಲೆ ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿದ್ದಾರೆ. ಆ ದೃಶ್ಯವು ಕತೆಗಾರರ ಸೃಷ್ಟಿ. ವೀರನಿಗೆ ಸಮನಾದ ಪ್ರತಿವೀರನು ಬೇಕೆಂಬುದು ನಾಟಕದ ನಿಯಮವಿರಬಹುದು. ಆದರೆ ನ್ಯಾಯಾಲಯವು ಮಿಶೆಲ್ಲನ ಕೊಲೆಯ ಅಪ್ಪಣೆಯನ್ನು ಝಾಂಪಾನ ಮೇಲೆ ಹೊರಿಸಲಿಲ್ಲ. ಅವನು ಬೇರೆ ಆರೋಪಗಳಲ್ಲಿ ೧೯೮೩ರಲ್ಲಿ ಬಂಧಿತನಾಗಿ, ೧೯೮೪ರಲ್ಲಿ ಸೆರೆಮನೆಯಲ್ಲಿ ನೇಣು ಹಾಕಿಕೊಂಡು, ಕೆಲವು ವಾರಗಳ ಬಳಿಕ ಸತ್ತನು. ನಿಜವಾಗಿ ಅಪ್ಪಣೆ ಕೊಟ್ಟವರು ಪ್ರೇಕ್ಷಕರ ನೆನಪಿನಲ್ಲಿ ಉಳಿಯುವಂಥ ಆಕೃತಿಯವರಲ್ಲ, ತಮ್ಮ ವ್ಯಾಪಾರಕ್ಕೆ ಅಡ್ಡ ಬಂದವನನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿದ ವ್ಯಾಪಾರಿಗಳು. ದಿನವೂ ಮಕ್ಕಳ ನಡುವೆ ಇರುವ ನಾವು ಒಂದನ್ನು ಬಲ್ಲೆವು: ಚಿತ್ರ ನೋಡಿಬಂದ ಹುಡುಗರು ಆಟದಲ್ಲಿ ಮೊದಲು ಬೇಡುವುದು ಪುಂಡನ ಪಾತ್ರವನ್ನು, ನ್ಯಾಯಾಧೀಶನಾಗಲು ಒಬ್ಬನನ್ನು ಒತ್ತಾಯಿಸಿಯೇ ನಿಲ್ಲಿಸಬೇಕು.

ಇದಕ್ಕೆ ನಾಲ್ಕು ವರ್ಷ ಮೊದಲು, ೨೦೧೦ರಲ್ಲಿ, ರಿಶಾರ್ ಬೆರಿ ಎಂಬವನು ‘ಅಮರ’ ಎಂಬರ್ಥದ ಹೆಸರಿನಿಂದ ಇನ್ನೊಂದು ಚಿತ್ರವನ್ನು ತೆಗೆದಿದ್ದನು. ಅದರಲ್ಲಿ ಝಾಂ ರೆನೋ ಅಭಿನಯಿಸಿದ ನಿವೃತ್ತ ಪಾತಕಿಯು ೨೨ ಗುಂಡುಗಳನ್ನು ತಿಂದರೂ ಬದುಕಿ, ತನ್ನನ್ನು ಕೊಲ್ಲಬಂದವರನ್ನು ಹುಡುಕಿ ಹುಡುಕಿ ಸಂಹರಿಸುತ್ತಾನೆ. ಮಕ್ಕಳ ಮೇಲೆ ಅವನಿಗೆ ಅಪಾರ ಪ್ರೀತಿ. ಮಾದಕವಸ್ತುವನ್ನು ಮುಟ್ಟುವುದಿಲ್ಲವೆಂಬ ವ್ರತ ಬೇರೆ! ಈ ಕಲ್ಪನೆಗೆ ಬೀಜವಾದದ್ದು ಝಾಕಿ ಎಂಬೇರ್ ಎಂಬವನ ಮೇಲೆ ೧೯೭೭ನೆಯ ಫೆಬ್ರವರಿ ೧ರಂದು ನಡೆದ ಹಲ್ಲೆ. ಹಿಂದೆ ಮಿತ್ರನಾಗಿದ್ದ ಝಾಂಪಾನ ಕಡೆಯವರೇ ಅದನ್ನು ಮಾಡಿದರೆಂಬುದು ಪ್ರಬಲವಾದ ಸಂದೇಹ. ಮೈತುಂಬ ಗುಂಡು ಬಿದ್ದರೂ ಎಂಬೇರ್ ಬದುಕಿಕೊಂಡನು. ಬಲಗೈ ಮಾತ್ರ ಸ್ವಾಧೀನ ತಪ್ಪಿತು. ಅವನು ತನ್ನ ಕತೆಯು ತೆರೆಯ ಮೇಲೆ ಬಂದುದನ್ನು ಕಂಡು, ೨೦೧೯ರಲ್ಲಿ, ತನ್ನ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡನು.